ನಾವಿಕನ ಕೊರಳಿನ ಕಪ್ಪು ಬಟ್ಟೆ

ಬ್ರಿಟಿಷ್ ನಾವಿಕರು ಕೊರಳಿಗೆ ಕಪ್ಪು ರೇಷ್ಮೆ ಕರವಸ್ತ್ರ ಕಟ್ಟಲು ಶುರುಮಾಡಿದ್ದು ನೌಕಾಪತಿ ನೆಲ್ಸನ್ನನ ಸಾವಿನ ಶೋಕಕ್ಕಾಗಿ ಎಂಬ ಕಥೆಯಿದೆ. ಕಥೆ ಚೆನ್ನಾಗಿದೆ, ಇಸವಿ ಮಾತ್ರ ಹೊಂದುವುದಿಲ್ಲ. ನೆಲ್ಸನ್ ತೀರಿಕೊಂಡದ್ದು 1805ರ ಟ್ರಫಾಲ್ಗರ್ ಕದನದಲ್ಲಿ. ಆ ಕರವಸ್ತ್ರ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಕಾರಣಕ್ಕಿಂತ ಮೊದಲೇ ಪರಿಣಾಮ ಬರಲು ಸಾಧ್ಯವೇ?

ಹಾಗಾದರೆ ಯಾಕೆ ಕಟ್ಟುತ್ತಿದ್ದರು? ಕೆಲಸಕ್ಕೆ. ಬೆವರು ಒರೆಸಲು ಅದೇ ಬಟ್ಟೆ. ಕದನದ ಹೊತ್ತಿನಲ್ಲಿ ಕರವಸ್ತ್ರವನ್ನು ಕಿವಿ ಮುಚ್ಚುವಂತೆ ತಲೆಗೆ ಬಿಗಿಯುತ್ತಿದ್ದರು. ಬೆವರು ಕಣ್ಣಿಗೆ ಇಳಿಯದು, ಫಿರಂಗಿ ಸದ್ದೂ ತುಸು ತಗ್ಗುತ್ತದೆ. ಕಪ್ಪಾದ್ದರಿಂದ ಕೊಳೆಯೂ ಎದ್ದು ಕಾಣದು.

ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳಿಗೆ 1748ರಲ್ಲೇ ಸಮವಸ್ತ್ರ ಬಂತು. ಸಾಮಾನ್ಯ ನಾವಿಕನಿಗೆ ಅದು ಸಿಕ್ಕಿದ್ದು 1857ರಲ್ಲಿ. ಅಲ್ಲಿಯವರೆಗೆ ಅವನ ಉಡುಪನ್ನು ಬಹುಮಟ್ಟಿಗೆ ಕೆಲಸವೇ ತೀರ್ಮಾನಿಸುತ್ತಿತ್ತು. ಪಟಸ್ತಂಭ ಹತ್ತುವಾಗ ಹಗ್ಗಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಹಾಗಾಗಿ ಗಿಡ್ಡ ಕೋಟು. ಮಳೆಗೆ, ಅಲೆಯ ಎರಚಲಿಗೆ ಟಾರು ಬಳಿದ ಕ್ಯಾನ್ವಾಸು. ಕ್ಯಾನ್ವಾಸಿನ ನಾರು ಸೆಲ್ಯುಲೋಸ್, ಅದು ನೀರು ಹೀರುತ್ತದೆ. ಪೈನ್ ಮರದ ಟಾರು ನೀರಿನೊಂದಿಗೆ ಬೆರೆಯದು, ಎಳೆಗಳ ನಡುವಿನ ಸಂದನ್ನೂ ಮುಚ್ಚುತ್ತದೆ. ಬ್ರಿಟಿಷ್ ನಾವಿಕನಿಗೆ 'ಜ್ಯಾಕ್ ಟಾರ್' ಎಂಬ ಅಡ್ಡಹೆಸರೂ ಇತ್ತು.

ತರಗತಿಯಲ್ಲಿ ಮಾಡಿ ನೋಡಿ: ಹತ್ತಿ ಬಟ್ಟೆಯ ಎರಡು ತುಂಡು ತಗೊಳ್ಳಿ. ಒಂದಕ್ಕೆ ಮೇಣದಬತ್ತಿಯನ್ನು ಚೆನ್ನಾಗಿ ಉಜ್ಜಿ. ಎರಡರ ಮೇಲೂ ಒಂದೊಂದು ಹನಿ ನೀರು ಹಾಕಿ. ಬರೀ ಬಟ್ಟೆಯಲ್ಲಿ ಹನಿ ಇಂಗುತ್ತದೆ. ಮೇಣದ ಬಟ್ಟೆಯ ಮೇಲೆ ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ. ಯಾಕೆ ಅಂತ ಮಕ್ಕಳೇ ಹೇಳಲಿ. ಹಾಗೆಯೇ, ಯಾವ ಕಥೆ ಕೇಳಿದರೂ ಮೊದಲು ಇಸವಿ ಕೇಳುವ ಅಭ್ಯಾಸವೂ ಅವರಿಗೆ ಬರಲಿ.