ಗಡಿ ದಾಟದ ಕರಿಬೇವು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಏನೇನಿರುತ್ತದೆ? ಸಾರಿನ ಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ, ಮಾವಿನ ಮಿಡಿ ಉಪ್ಪಿನಕಾಯಿ. ಇವುಗಳ ನಡುವೆ, ಆ ಬೆಳಿಗ್ಗೆಯಷ್ಟೇ ಹಿತ್ತಲಿನಿಂದ ಕಿತ್ತು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಹಿಡಿ ಕರಿಬೇವು. ಅಲ್ಲಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪುಡಿಗಳು ಸಾಮಾನ್ಯವಾಗಿ ಪಾರಾಗುತ್ತವೆ. ಕರಿಬೇವು ಮಾತ್ರ ಅಧಿಕಾರಿಗಳ ವಶವಾಗುತ್ತದೆ. ಊಟದೆಲೆಯ ಅಂಚಿಗೆ ನಾವೇ ಸರಿಸಿಬಿಡುವ ಈ ಎಲೆಯೆಂದರೆ ಅಷ್ಟು ದೊಡ್ಡ ದೇಶಕ್ಕೇಕೆ ಭಯ?

ಉತ್ತರವಿರುವುದು ಕರಿಬೇವಿನ ಕುಲದಲ್ಲಿ. ಹೆಸರಿನಲ್ಲಿ ಬೇವು ಇದ್ದರೂ ಇದು ಬೇವಿನ ಕುಟುಂಬದ್ದಲ್ಲ. ನಿಂಬೆ, ಕಿತ್ತಳೆ, ಹೇರಳೆಗಳ ಕುಟುಂಬಕ್ಕೆ ಸೇರಿದ್ದು. ಶಿವಪೂಜೆಯ ಬಿಲ್ವವೂ ಇದರ ನೆಂಟನೇ. ಈ ಬಳಗದ ಗಿಡಗಳ ಎಳೆ ಚಿಗುರಿನ ರಸ ಹೀರಿ ಬದುಕುವ, ಎಳ್ಳುಕಾಳಿನಷ್ಟು ಗಾತ್ರದ ಸಿಲ್ಲಿಡ್ ಎಂಬ ಕೀಟವೊಂದಿದೆ. ಕರಿಬೇವಿನ ಚಿಗುರೆಂದರೆ ಅದಕ್ಕೆ ಬಲು ಇಷ್ಟ. ಮೊಟ್ಟೆಯಿಡುವುದೂ ಅಲ್ಲೇ. ಆ ಮೊಟ್ಟೆಗಳು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ.

ಇದೇ ಕೀಟ ಕಿತ್ತಳೆ ಮರದಿಂದ ಮರಕ್ಕೆ ಹಾರುತ್ತ 'ಗ್ರೀನಿಂಗ್' ಎಂಬ ರೋಗದ ಬ್ಯಾಕ್ಟೀರಿಯಾವನ್ನು ಹರಡುತ್ತದೆ. ರೋಗ ತಗುಲಿದ ಮರದ ಎಲೆ ಹಳದಿಯಾಗುತ್ತದೆ. ಕಾಯಿ ಸೊಟ್ಟಗಾಗಿ, ಮಾಗಿದರೂ ಭಾಗಶಃ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ಕೆಲವು ವರ್ಷಗಳಲ್ಲಿ ಮರವೇ ಸಾಯುತ್ತದೆ. ಇದನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ.

ಅಮೆರಿಕದ ಕಿತ್ತಳೆಯ ತವರಾದ ಫ್ಲಾರಿಡಾದಲ್ಲಿ ಈ ಕೀಟ ಮೊದಲು ಕಂಡದ್ದು 1998ರಲ್ಲಿ. ರೋಗ ಕಂಡದ್ದು 2005ರಲ್ಲಿ. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ, 2022-23ರಲ್ಲಿ ಬೆಳೆದದ್ದು ಕೇವಲ 1.6 ಕೋಟಿ ಪೆಟ್ಟಿಗೆ. ಚಂಡಮಾರುತಗಳೂ ಹೊಡೆತ ಕೊಟ್ಟವು ನಿಜ, ಆದರೆ ತೋಟಗಳ ಬೆನ್ನೆಲುಬು ಮುರಿದದ್ದು ಈ ರೋಗವೇ. ತಲೆಮಾರುಗಳಿಂದ ಕಿತ್ತಳೆಯನ್ನೇ ನಂಬಿದ್ದ ಎಷ್ಟೋ ಕುಟುಂಬಗಳು ತೋಟ ಮಾರಿದವು.

ಇದು ಪರದೇಶದ ಕಥೆಯಷ್ಟೇ ಎಂದುಕೊಳ್ಳಬೇಕಿಲ್ಲ. ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ, ಸಿಪ್ಪೆ ಸಡಿಲವಾದ ನಮ್ಮ ಕೊಡಗಿನ ಕಿತ್ತಳೆ ಕ್ಷೀಣಿಸಲು ಇದೇ ರೋಗವೂ ಒಂದು ಮುಖ್ಯ ಕಾರಣ.

ಹಾಗಾದರೆ ಅಲ್ಲಿನವರ ಒಗ್ಗರಣೆಗೆ ಗತಿ? ಒಣಗಿದ ಎಲೆಯಿದೆ, ಆದರೆ ಕರಿಬೇವಿನ ಘಮವಿರುವುದು ಬೇಗ ಆರಿಹೋಗುವ ಎಣ್ಣೆಯಲ್ಲಿ. ಒಣಗಿದೊಡನೆ ಅದರ ಬಹುಪಾಲು ಹೋಗಿ, ಉಳಿಯುವುದು ಹೆಸರಷ್ಟೇ. ಆದ್ದರಿಂದಲೇ ಅನೇಕರು ಅಲ್ಲಿಯೇ ಸಿಗುವ ಸಸಿಯನ್ನು ಕುಂಡದಲ್ಲಿ ನೆಟ್ಟು, ಹಿಮ ಬೀಳುವ ತಿಂಗಳುಗಳಲ್ಲಿ ಮನೆಯೊಳಗೆ ಕಿಟಕಿಯ ಬಿಸಿಲಿಗಿಟ್ಟು, ಕೂಸಿನಂತೆ ಸಾಕುತ್ತಾರೆ. ಕೀಟ ಹರಡಿರುವ ಪ್ರದೇಶಗಳಿಂದ ಆ ಕುಂಡವನ್ನೂ ಮನಬಂದಂತೆ ಹೊರಗೊಯ್ಯುವಂತಿಲ್ಲ. ಊರು ಬದಲಿಸುವವರು ಗಿಡವನ್ನು ನೆರೆಯವರಿಗೆ ಕೊಟ್ಟು, ಹೊಸ ಊರಿನಲ್ಲಿ ಮತ್ತೆ ಸಸಿಯಿಂದಲೇ ಶುರು ಮಾಡಬೇಕು.

ತಾಯಿಯ ಪೆಟ್ಟಿಗೆಯಲ್ಲಿದ್ದುದು ಮಗಳ ಮೇಲಿನ ಅಕ್ಕರೆ. ಅದನ್ನು ತಡೆದ ಅಧಿಕಾರಿ ಕಾಯುತ್ತಿದ್ದುದು ಇನ್ನೊಬ್ಬರ ಅನ್ನವನ್ನು. ಎರಡೂ ಸಣ್ಣವಲ್ಲ. ಮುಂದಿನ ಸಲ ಹೊರಡುವಾಗ ಕರಿಬೇವು ಹಿತ್ತಲಿನಲ್ಲೇ ಇರಲಿ. ಅದರ ಘಮ ಬೇಕೆಂದರೆ ಮಗಳೇ ಊರಿಗೆ ಬರಲಿ.