ಕೆಲಸ ಎಲ್ಲಿಗೆ ಬಂತು?

ಹುಮನಾಬಾದ್ ತಾಲ್ಲೂಕಿನ ಹುಡಗಿಯಲ್ಲಿ ಸರ್ಕಾರಿ ಯೋಜನೆಯ ಮನೆ ಕಟ್ಟಿಸುವವರನ್ನು ಕೆಲಸ ಎಲ್ಲಿಗೆ ಬಂತೆಂದು ಕೇಳಿದರೆ ಉತ್ತರ ಎರಡೇ ಮಾತಿನದು: ‘ಬುನಾದಿ ಆಗ್ಯಾದ’, ‘ಸ್ಲ್ಯಾಬ್ ಹಾಕ್ಯಾರ’. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಜಾಗದ ಗುರುತಿರುವ ಫೋಟೊ ಏರಬೇಕು, ಆಮೇಲೆ ಕಂತಿನ ದುಡ್ಡು.

ನಾಲ್ಕು ಹಂತದ ಮನೆಗೆ ನಾಲ್ಕು ಫೋಟೊ ಸಾಕು. ಪಕ್ಕದ ಬಸವಕಲ್ಯಾಣದಲ್ಲಿ ಇದೇ ಪ್ರಶ್ನೆ ಅಷ್ಟು ಸುಲಭವಲ್ಲ. ನೂತನ ಅನುಭವ ಮಂಟಪಕ್ಕೆ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 2021ರ ಜನವರಿ 6ರಂದು ಶಂಕುಸ್ಥಾಪನೆ ಮಾಡಿದರು. ಆಗ ಕೊಟ್ಟ ವಿವರದಲ್ಲಿ ಕಲ್ಯಾಣ ಚಾಲುಕ್ಯರ ಶೈಲಿ, ಏಳೂವರೆ ಎಕರೆ, 182 ಅಡಿ ಎತ್ತರ, ಅಮರಗಣಂಗಳ ನೆನಪಿಗೆ 770 ಕಂಬ, 500 ಕೋಟಿ ರೂಪಾಯಿ ಅಂದಾಜು. ಮುಗಿದ ಮಂಟಪದ ಚಿತ್ರವನ್ನು ನಾವೆಲ್ಲ ಮೊದಲೇ ನೋಡಿಬಿಟ್ಟಿದ್ದೆವು. ಆದರೆ ದೊಡ್ಡ ಕಟ್ಟಡದ ಊರಲ್ಲಿ ಜನಕ್ಕೆ ಬೇಕಾದದ್ದು ಮುಗಿದ ಚಿತ್ರವಲ್ಲ, ಅರ್ಧ ಆದದ್ದರ ಚಿತ್ರ.

ಅಂಥ ಚಿತ್ರ ತೆಗೆಯುವ ದಾರಿಯೊಂದಿದೆ. ದೊಡ್ಡ ಕಟ್ಟಡಗಳನ್ನು ಈಗ ಕಾಗದದ ನಕ್ಷೆಯ ಜೊತೆಗೆ ಕಂಪ್ಯೂಟರಿನ ಮೂರು ಆಯಾಮದ ಮಾದರಿಯಾಗಿಯೂ ಕಟ್ಟುತ್ತಾರೆ. ಎಂಜಿನಿಯರುಗಳು ಇದಕ್ಕೆ ಬಿಮ್ ಎನ್ನುತ್ತಾರೆ. ಇದರೊಳಗಿನ ಕಂಬ ಬರಿ ಗೆರೆಯಲ್ಲ. ತನ್ನ ಅಳತೆ, ಸಾಮಗ್ರಿ, ಗುರುತು ಎಲ್ಲವನ್ನೂ ಹೊತ್ತುಕೊಂಡ ವಸ್ತು. ಬೇರೆ ಬೇರೆ ತಂತ್ರಾಂಶಗಳ ನಡುವೆ ಮಾದರಿ ಸಾಗಿಸುವ ಐಎಫ್‌ಸಿ ಎಂಬ ಮಾನಕದಲ್ಲಿ ಪ್ರತಿ ಭಾಗಕ್ಕೂ 22 ಅಕ್ಷರಗಳ ಗುರುತುಸಂಖ್ಯೆ ಇರುತ್ತದೆ. ಈ ಮಾದರಿಗೆ ವೇಳಾಪಟ್ಟಿಯನ್ನು ಗಂಟುಹಾಕಿದರೆ ಅದು ನಾಲ್ಕು ಆಯಾಮದ್ದು. ನಾಗ್ಪುರ ಮೆಟ್ರೊ ವೆಚ್ಚವನ್ನೂ ಸೇರಿಸಿ ಐದು ಆಯಾಮ ಎಂದಿತು.

ಪ್ರಗತಿ ತೋರಿಸುವ ಉಪಾಯ ಸರಳ: ಆಗದ ಭಾಗ ಗಾಜಿನಂತೆ ಪಾರದರ್ಶಕ, ನಡೆಯುತ್ತಿರುವುದು ಹಸಿರು, ಮುಗಿದದ್ದು ತನ್ನ ನಿಜವಾದ ಕಲ್ಲಿನ ಬಣ್ಣ. ನ್ಯಾವಿಸ್‌ವರ್ಕ್ಸ್ ಎಂಬ ತಂತ್ರಾಂಶದ ಟೈಮ್‌ಲೈನರ್‌ನಲ್ಲಿ ಕಟ್ಟುವ ಕೆಲಸಕ್ಕೆ ತಿಳಿಹಸಿರು, ಕೆಡವುವುದಕ್ಕೆ ಕೆಂಪು ಮೊದಲೇ ಇಟ್ಟಿರುತ್ತಾರೆ. ರೆವಿಟ್ ಎಂಬ ತಂತ್ರಾಂಶ ಬಳಸುವವರು ಅದರ ಜೊತೆಗಿರುವ ಡೈನಮೊದಲ್ಲಿ ಸಣ್ಣ ಪ್ರೋಗ್ರಾಂ ಹೆಣೆಯುತ್ತಾರೆ. ದುಡ್ಡು ಖರ್ಚು ಮಾಡಲಾರದವರಿಗೆ ಬ್ಲೆಂಡರ್ ಇದೆ, ಪೈಥಾನ್ ಇದೆ. ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ ಗುರುತುಸಂಖ್ಯೆ, ಇನ್ನೊಂದರಲ್ಲಿ ಸ್ಥಿತಿ. ಪ್ರೋಗ್ರಾಂ ಸಾಲುಸಾಲಾಗಿ ಓದುತ್ತ, ಆಯಾ ಭಾಗದ ಸಾಮಗ್ರಿ ಬದಲಿಸುತ್ತ ಹೋಗುತ್ತದೆ. 770 ಕಂಬಗಳಿಗೆ ಕೈಯಿಂದ ಒಂದಕ್ಕೆ ಅರ್ಧ ನಿಮಿಷದಂತೆ ಬಣ್ಣ ಹಚ್ಚಿದರೂ ಆರು ತಾಸು ಇಪ್ಪತ್ತೈದು ನಿಮಿಷ ಹೋಗುತ್ತದೆ, ಅದೂ ಪ್ರತಿ ತಿಂಗಳು. ಪ್ರೋಗ್ರಾಮಿಗೆ ಅದು ಚಹಾ ತರಿಸುವಷ್ಟು ಹೊತ್ತೂ ಅಲ್ಲ.

ಕಷ್ಟ ಇರುವುದು ಬೇರೆ ಕಡೆ. ಗವಂಡಿ ‘ಮೂಡಲ ಬಾಜು, ಎರಡನೇ ಸಾಲು, ಐದನೇ ಕಂಬ’ ಎನ್ನುತ್ತಾನೆ. ಮಾದರಿಗೆ ಗೊತ್ತಿರುವುದು 22 ಅಕ್ಷರಗಳ ಸರ. ಇವೆರಡನ್ನೂ ಹೊಂದಿಸುವ ಕಾಲಂ ಒಂದನ್ನು ಯಾರಾದರೂ ಕೂತು ತುಂಬಲೇಬೇಕು, ಮೊದಲ ದಿನವೇ. ಗೋಡೆಯದು ಇನ್ನೊಂದು ತಕರಾರು. ಮಾದರಿಯಲ್ಲಿ ಇಟ್ಟಿಗೆ, ಗಿಲಾವು, ಬಣ್ಣ ಮೂರೂ ಒಂದೇ ಗೋಡೆಯ ಪದರಗಳು. ಇಟ್ಟಿಗೆ ಏರಿ ಗಿಲಾವು ಬಾಕಿ ಇದ್ದರೆ ಗೋಡೆಯನ್ನು ಮುಗಿಯಿತೆನ್ನಬೇಕೋ ಇಲ್ಲವೋ? ಪದರಗಳನ್ನು ಬೇರೆ ಮಾಡಬೇಕು, ಇಲ್ಲವೇ ಗೋಡೆಗೆ ‘ಸ್ಥಿತಿ’ ಎಂಬ ಹೊಸ ಖಾನೆ ಕೊಟ್ಟು ಅದರ ಮೇಲೆ ಬಣ್ಣ ನಿಲ್ಲಿಸಬೇಕು. ಎರಡನೆಯದೇ ವಾಸಿ: ಮೂಲ ಸಾಮಗ್ರಿ ಕೆಡುವುದಿಲ್ಲ, ನಾಳೆ ಸಿಮೆಂಟಿನ ಲೆಕ್ಕ ತೆಗೆಯುವವನೂ ಬೈಯುವುದಿಲ್ಲ. ಸ್ಲ್ಯಾಬ್ ಕೂಡ ಹಾಗೆಯೇ. ಮಾದರಿಯಲ್ಲಿ ಅಖಂಡ, ಜಾಗದಲ್ಲಿ ಮೂರು ದಿನ ಮೂರು ತುಂಡು. ಕಾಂಕ್ರೀಟ್ ಹಾಕುವ ತುಂಡಿನಂತೆಯೇ ಮಾದರಿಯನ್ನೂ ಒಡೆಯದಿದ್ದರೆ ಅರ್ಧ ಸ್ಲ್ಯಾಬಿಗೆ ಪೂರ್ತಿ ಬಣ್ಣ ಬರುತ್ತದೆ.

ಇದಕ್ಕಿಂತ ದೊಡ್ಡ ಮೋಸವೊಂದಿದೆ. ಬಣ್ಣ ಯಾವ ತಾರೀಖು ನೋಡಿ ಬದಲಾಗಬೇಕು? ಅನೇಕ ಪ್ರಾತ್ಯಕ್ಷಿಕೆಗಳಲ್ಲಿ ವೇಳಾಪಟ್ಟಿಯ ತಾರೀಖು ಬಂದೊಡನೆ ಕಂಬ ತಾನೇ ಕಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಜಾಗದಲ್ಲಿ ಇನ್ನೂ ಸರಳು ಕಟ್ಟುತ್ತಿದ್ದರೂ. ಅದು ಪ್ರಗತಿಯಲ್ಲ, ಆಸೆ. ತಪಾಸಣೆ ಮಾಡಿದವರು ಸಹಿ ಹಾಕಿದ ತಾರೀಖಿಗೆ ಮಾತ್ರ ಬಣ್ಣ ಬದಲಾಗಬೇಕು. ಯೋಜನೆಯ ತಾರೀಖು ಪಕ್ಕದಲ್ಲಿ ಇನ್ನೊಂದು ಮಾದರಿಯಾಗಿ ನಿಲ್ಲಲಿ, ಅಂತರ ಎಲ್ಲರ ಕಣ್ಣಿಗೂ ಬೀಳಲಿ. ಈ ವಿಷಯದಲ್ಲಿ ಹುಡಗಿಯ ಮನೆಯ ಫೋಟೊ ಎಷ್ಟೋ ಪಾಲು ನಿಯತ್ತಿನದು, ಲಿಂಟಲ್ ಏರದೆ ಲಿಂಟಲಿನ ಫೋಟೊ ಬರುವುದಿಲ್ಲ.

ಬಸವಕಲ್ಯಾಣ ಅಭಿವೃದ್ಧಿ ಮಂಡಳಿಗೆ ಒಂದು ವಿನಂತಿ. ಮಂಟಪದ ಜಾಗದ ಬಾಗಿಲಲ್ಲಿ ಒಂದು ಪರದೆ ಇಡಿ. ಅದರಲ್ಲಿ 770 ಕಂಬಗಳ ಮಾದರಿ ಇರಲಿ, ಮುಗಿದದ್ದು, ನಡೆಯುತ್ತಿರುವುದು, ಬಾಕಿ ಎಂದು ಕನ್ನಡದಲ್ಲಿ ಬರೆದಿರಲಿ, ಕೊನೆಯ ತಪಾಸಣೆಯ ತಾರೀಖು ಮೂಲೆಯಲ್ಲಿ ಕಾಣಲಿ.