ಗಾಡಿಗೆ ಸವಕಳಿ ಇದೆ, ಡ್ರೈವರ್ ಬೆನ್ನಿಗೆ?

ಈ ವಾರದ ಎಪಿಸೋಡನ್ನ ಫೋನ್‌ನಿಂದಲೇ ಶುರು ಮಾಡ್ತೀನಿ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಒಂದು ಎಚ್ಚರಿಕೆ ಕೊಟ್ಟಿತ್ತು. ಹೆಚ್ಚು ಪವರ್ ಇರೋ ಬೈಕ್‌ಗೆ ಐಫೋನ್ ಸಿಕ್ಕಿಸಬೇಡಿ, ಎಂಜಿನ್ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ. ಸ್ಕೂಟರ್, ಮೊಪೆಡ್ ಆದರೂ ನಡುಕ ತಡೆಯೋ ಹೋಲ್ಡರ್ ಹಾಕಿಸಿ ಅಂತ.

ಬಿ.ಕಾಂ. ಮುಗಿಸಿದ ಮೇಲೆ ನಾನು ಎಂಟು ತಿಂಗಳು ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡ್ತಿದ್ದೆ. ಫೋನ್‌ಗೆ ಅಂತ ರಬ್ಬರ್ ಇರೋ ಹೋಲ್ಡರ್ ತಗೊಂಡಿದ್ದೆ. ನನ್ನ ಬೆನ್ನಿಗೆ ಏನೂ ತಗೊಂಡಿರಲಿಲ್ಲ. ರಾತ್ರಿ ಗಾಡಿ ಸ್ಟ್ಯಾಂಡ್ ಹಾಕಿ ಮಲಗಿದ ಮೇಲೂ ಅಂಗೈ ಜುಮ್ ಅಂತಿತ್ತು. ನಮ್ಮ ಸೋದರಮಾವ ಬಸ್ ಡ್ರೈವರ್. ಅವರಿಗೆ ಹೇಳಿದರೆ ನಕ್ಕುಬಿಟ್ಟರು. "ಎಂಟು ತಿಂಗಳಿಗೇ ಹಿಂಗಂತೀಯಲ್ಲೋ. ನಂದು ಇಪ್ಪತ್ತೆರಡು ವರ್ಷ ಆಯ್ತು. ಸೊಂಟ ಹಿಡ್ಕೊಂಡೇ ಸೀಟಿಂದ ಇಳಿಯೋದು" ಅಂದರು.

ಅವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಗಾಡಿ ನಡುಗಿದರೆ ಮೈಗೆ ಏನಾಗುತ್ತೆ?

ರಸ್ತೆ ಗುಂಡಿ, ಹಂಪು, ಎಂಜಿನ್, ಇವುಗಳ ಅಲುಗಾಟ ಸೀಟು, ಸ್ಟೇರಿಂಗ್, ಕಾಲಿಡೋ ಜಾಗದ ಮೂಲಕ ಮೈ ಸೇರುತ್ತೆ. ಸೆಕೆಂಡಿಗೆ ಎಷ್ಟು ಸಲ ಅಲುಗುತ್ತೆ ಅನ್ನೋದನ್ನ ಹರ್ಟ್ಸ್ ಅಂತ ಅಳೀತಾರೆ. ಕೂತಿರೋ ಮನುಷ್ಯನ ಬೆನ್ನಿಗೆ ಹೆಚ್ಚು ಪೆಟ್ಟು ಕೊಡೋದು ಸುಮಾರು 4ರಿಂದ 8 ಹರ್ಟ್ಸ್‌ನ, ಮೇಲೆ ಕೆಳಗೆ ಕುಲುಕೋ ನಡುಕ. ಯಾಕೆ ಅಂದರೆ, ಜೋಕಾಲಿ ನೆನಪಿಸ್ಕೊಳ್ಳಿ. ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಸಾಕು, ಎತ್ತರಕ್ಕೆ ಹೋಗುತ್ತೆ. ನಮ್ಮ ಮೈಗೂ ಅಂಥದ್ದೇ ಒಂದು ಲಯ ಇದೆ. ಗಾಡಿಯ ನಡುಕ ಆ ಲಯಕ್ಕೆ ಕೂಡಿಬಂದರೆ, ಸೀಟು ಅಲುಗಿದ್ದಕ್ಕಿಂತ ಜಾಸ್ತಿ ನಮ್ಮ ಬೆನ್ನುಮೂಳೆ ಅಲುಗುತ್ತೆ. ಬಸ್, ಲಾರಿ, ಟ್ರ್ಯಾಕ್ಟರ್‌ಗಳ ನಡುಕದಲ್ಲಿ ಈ ನಿಧಾನಗತಿಯ ಕುಲುಕಾಟವೇ ಹೆಚ್ಚು.

ಆಗ ಬೆನ್ನಿನ ಸ್ನಾಯುಗಳು ಸುಮ್ಮನೆ ಇರಲ್ಲ. ಮೈ ಹಿಡಿದು ನಿಲ್ಲಿಸೋಕೆ ಪ್ರತಿ ಕುಲುಕಿಗೂ ಬಿಗಿಯಾಗ್ತಾನೇ ಇರುತ್ತವೆ. ನೋಡೋರಿಗೆ "ಕೂತು ಮಾಡೋ ಕೆಲಸ", ಒಳಗೆ ಮಾತ್ರ ಸ್ನಾಯು ಇಡೀ ದಿನ ಓವರ್‌ಟೈಮ್ ಮಾಡ್ತಿದೆ. ಮೂಳೆಗಳ ನಡುವಿನ ಡಿಸ್ಕ್‌ಗಳ ಕಥೆಯೂ ಅಷ್ಟೇ. ದೊಡ್ಡವರ ಡಿಸ್ಕ್‌ಗೆ ನೇರ ರಕ್ತ ಪೂರೈಕೆ ತೀರಾ ಕಮ್ಮಿ, ಹಾಗಾಗಿ ಸವೆದರೆ ಬೇಗ ಸರಿಹೋಗಲ್ಲ. ಬೆನ್ನುನೋವಿಗೆ ನಡುಕ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಗಂಟೆಗಟ್ಟಲೆ ಒಂದೇ ಭಂಗಿ, ಭಾರ ಎತ್ತೋದು, ಎಲ್ಲಾ ಸೇರುತ್ತೆ. ನಡುಕ ಅದಕ್ಕೆ ಬಡ್ಡಿ ಹಾಕುತ್ತೆ.

ಬಡ್ಡಿ ಅಂದೆ ಅಲ್ವಾ, ಕಾಮರ್ಸ್ ಓದಿದವನು, ಒಂದು ಲೆಕ್ಕ ಹೇಳಲೇಬೇಕು. ಯುರೋಪಿಯನ್ ಒಕ್ಕೂಟ 2002ರಲ್ಲಿ ಇದಕ್ಕೇ ಒಂದು ನಿಯಮ ತಂತು. ಇಡೀ ಮೈಗೆ ತಾಗೋ ನಡುಕ, 8 ಗಂಟೆಯ ಲೆಕ್ಕದಲ್ಲಿ, 0.5 ದಾಟಿದರೆ ಮಾಲೀಕ ಅದನ್ನ ಕಡಿಮೆ ಮಾಡೋ ಕ್ರಮ ತಗೋಬೇಕು. 1.15 ಮೀರೋ ಹಾಗೇ ಇಲ್ಲ. ಇದರ ಯೂನಿಟ್ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಈಗ ಗಮನಿಸಿ. 0.5ರ ನಡುಕದಲ್ಲಿ ಆ ಮೊದಲ ಗಡಿ ಮುಟ್ಟೋಕೆ 8 ಗಂಟೆ ಬೇಕು. ನಡುಕ ಎರಡು ಪಟ್ಟಾಗಿ 1 ಆದರೆ? 4 ಗಂಟೆ ಅಲ್ಲ, ಬರೀ 2 ಗಂಟೆ! ಅಂದರೆ ಕೆಟ್ಟ ರಸ್ತೆಯಲ್ಲಿ ಜೋರಾಗಿ ಓಡಿಸಿ "ಟೈಮ್ ಉಳಿಸಿದೆ" ಅಂದ್ಕೊಂಡರೆ, ಬೆನ್ನಿನ ಖಾತೆಯಲ್ಲಿ ನಷ್ಟವೇ.

ನಷ್ಟ ಬೆನ್ನಿಗೆ ಮಾತ್ರ ಅಲ್ಲ, ಕೆಲಸಕ್ಕೂ ಹೌದು. ನಡುಕದಲ್ಲಿ ಕಣ್ಣಿಗೆ ಅಕ್ಷರ ಮಸುಕಾಗುತ್ತೆ, ಕೈ ಹಿಡಿತ ತಪ್ಪುತ್ತೆ. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 15 ಜನರನ್ನ ಸಿಮ್ಯುಲೇಟರ್‌ನಲ್ಲಿ ಕೂರಿಸಿ 4ರಿಂದ 7 ಹರ್ಟ್ಸ್ ನಡುಕ ಕೊಟ್ಟರು. 15 ನಿಮಿಷದೊಳಗೇ ತೂಕಡಿಕೆಯ ಲಕ್ಷಣ ಶುರುವಾಯ್ತು. ತೊಟ್ಟಿಲು ತೂಗಿದರೆ ಮಗು ಮಲಗುತ್ತೆ, ಸರಿ. ಆದರೆ ಐವತ್ತು ಜನರನ್ನ ಹೊತ್ತ ಬಸ್ಸು ತೂಗ್ತಿರೋದು ಡ್ರೈವರನ್ನ! ರಾತ್ರಿ ಡ್ರೈವರ್ ತೂಕಡಿಸಿದರೆ "ನಿದ್ದೆಗೆಟ್ಟವನು" ಅಂತ ಬೈಯೋ ಮುಂಚೆ ಇದನ್ನೂ ಯೋಚಿಸಿ.

ಹಾಗಾದರೆ ಏನು ಮಾಡಬಹುದು? ಗಾಡಿ ಓಡಿಸೋ ಗೆಳೆಯರೇ, ಮೊದಲನೆಯದು ವೇಗ. ಗುಂಡಿ ರಸ್ತೆಯಲ್ಲಿ ನಿಧಾನಕ್ಕೆ ಹೋದಷ್ಟೂ ಪೆಟ್ಟು ಕಮ್ಮಿ. ಟೈರ್‌ಗೆ ಗಾಳಿ ಸರಿಯಾಗಿರಲಿ, ಶಾಕ್ ಅಬ್ಸಾರ್ಬರ್ ಹೋಗಿದ್ದರೆ "ಮುಂದಿನ ತಿಂಗಳು" ಅಂತ ಮುಂದೂಡಬೇಡಿ. ಸಸ್ಪೆನ್ಷನ್ ಸೀಟ್ ಇರೋ ಲಾರಿ, ಬಸ್ಸಾದರೆ ನಿಮ್ಮ ತೂಕಕ್ಕೆ ಹೊಂದಿಸ್ಕೊಳ್ಳಿ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಗೆ ಜಾಸ್ತಿ ಏರುತ್ತೆ, ಹದವಾಗಿ ಹಿಡೀರಿ. ದೂರ ಓಡಿಸಿ ಇಳಿದ ತಕ್ಷಣ ಮೂಟೆ, ಸಿಲಿಂಡರ್ ಎತ್ತಬೇಡಿ. ದಣಿದ ಸ್ನಾಯು ಆ ಹೊತ್ತಿಗೆ ಬೆನ್ನು ಕಾಯೋ ಸ್ಥಿತಿಯಲ್ಲಿ ಇರಲ್ಲ. ಐದು ನಿಮಿಷ ಓಡಾಡಿ, ಆಮೇಲೆ ಎತ್ತಿ. ನೋವು ಕಾಲಿಗೆ ಇಳಿದರೆ, ಕಾಲು ಮರಗಟ್ಟಿದರೆ ಡಾಕ್ಟರ ಹತ್ರ ಹೋಗಿ. ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ.

ಆದರೆ ಎಲ್ಲಾ ಡ್ರೈವರ್ ತಲೆಗೇ ಕಟ್ಟೋದು ಸರಿಯಲ್ಲ. ಸೀಟು ಆರಿಸೋದು ಅವನಲ್ಲ, ರಸ್ತೆ ಮಾಡೋದು ಅವನಲ್ಲ, ಹದಿನೈದು ನಿಮಿಷದಲ್ಲಿ ತಲುಪಿಸು ಅನ್ನೋದೂ ಅವನಲ್ಲ.

ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಡಿಪ್ರಿಸಿಯೇಷನ್ ಅಂತ ಒಂದು ಪಾಠ ಇತ್ತು. ಕನ್ನಡದಲ್ಲಿ ಸವಕಳಿ. ಬಾಡಿಗೆಗೆ ಓಡೋ ಬಸ್ಸು, ಲಾರಿ, ಟ್ಯಾಕ್ಸಿಗೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಶೇ. 30 ಸವಕಳಿ ತೋರಿಸಬಹುದು. ಗಾಡಿ ಸವೆಯುತ್ತೆ ಅಂತ ಲೆಕ್ಕಪುಸ್ತಕ ಒಪ್ಪಿಕೊಳ್ಳುತ್ತೆ. ಅದೇ ಗಾಡಿಯಲ್ಲಿ ಕೂತ ನಮ್ಮ ಮಾವನ ಸೊಂಟದ ಸವಕಳಿ ಯಾವ ಕಾಲಂನಲ್ಲೂ ಇಲ್ಲ.

ಮೊನ್ನೆ ಊರಿಗೆ ಹೋದಾಗ ಮಾವನಿಗೆ ಈ 2 ಗಂಟೆ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನನ್ನ ಸೊಂಟ ವಯಸ್ಸಾಗಿ ಹೋಗಿದ್ದಲ್ಲ ಅಂತೀಯ?" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ನಿಮ್ಮ ಮನೆಯಲ್ಲೂ ಗಾಡಿ ಓಡಿಸೋರು ಇದ್ದರೆ ಈ ಎಪಿಸೋಡ್ ಅವರಿಗೆ ಕೇಳಿಸಿ. ಗಾಡಿ ನಿಲ್ಲಿಸಿದ ಮೇಲೆ. ಮುಂದಿನ ವಾರ ಸಿಗೋಣ.